ಒಂದೇ ಬೆಲೆ ಮತ್ತೆ ಮತ್ತೆ ಬರುವ ಅರೇಯಲ್ಲಿ ರ‍್ಯಾಂಕ್ ಪ್ರಕಾರ ಇಂಡೆಕ್ಸ್ ಹುಡುಕುವುದು

ಟಿಪ್ಪಣಿಯ ಉದ್ದಕ್ಕೂ ಈ ಒಂದೇ ಅರೇ ಇಟ್ಟುಕೊಳ್ಳೋಣ. ಇಂಡೆಕ್ಸ್, ಅಂದರೆ ಅರೇಯೊಳಗಿನ ಜಾಗದ ಸಂಖ್ಯೆ, 0ಯಿಂದ ಶುರು.

ಅ = [40, 75, 60, 75, 90, 60, 75]

ಅತಿ ದೊಡ್ಡ ನಾಲ್ಕು ಬೆಲೆಗಳು ಯಾವ ಇಂಡೆಕ್ಸ್‌ಗಳಲ್ಲಿವೆ? 4, 1, 3, 6 ಎಂದು ಉತ್ತರ ಬರಬೇಕು.

ಥಟ್ಟನೆ ಹೊಳೆಯುವ ದಾರಿ ಇದು: ಅರೇಯ ನಕಲನ್ನು ಇಳಿಕೆ ಕ್ರಮದಲ್ಲಿ ಸಾರ್ಟ್ ಮಾಡಿ, ಮೊದಲ ನಾಲ್ಕು ಬೆಲೆಗಳನ್ನು ಒಂದೊಂದಾಗಿ ಮೂಲ ಅರೇಯಲ್ಲಿ ಹುಡುಕುವುದು. ಹಾಗೆ ಮಾಡಿದರೆ ಸಿಗುವುದು 4, 1, 1, 1. ಹುಡುಕುವ ಫಂಕ್ಷನ್ ಮೊದಲ 75 ಕಂಡ ಕೂಡಲೇ ನಿಂತುಬಿಡುತ್ತದೆ, ಎಷ್ಟು ಸಲ ಕೇಳಿದರೂ ಅದೇ ಉತ್ತರ. ಸ್ಪ್ರೆಡ್‌ಶೀಟ್‌ನಲ್ಲಿ ಲಾರ್ಜ್ (ಇಷ್ಟನೇ ದೊಡ್ಡ ಬೆಲೆ ಕೊಡುವುದು) ಮತ್ತು ಮ್ಯಾಚ್ (ಅದರ ಜಾಗ ಹುಡುಕುವುದು) ಜೋಡಿಸಿದಾಗ ಒಂದೇ ಹೆಸರು ಮೂರು ಸಾಲುಗಳಲ್ಲಿ ಬರುವುದೂ ಇದರಿಂದಲೇ. ಬೆಲೆಗಳನ್ನಷ್ಟೇ ಸಾರ್ಟ್ ಮಾಡಿದ ಕ್ಷಣಕ್ಕೆ ಯಾವ 75 ಎಲ್ಲಿತ್ತು ಎಂಬ ಮಾಹಿತಿ ಹೋಗಿಬಿಟ್ಟಿರುತ್ತದೆ. ಆಮೇಲೆ ಎಷ್ಟು ಹುಡುಕಿದರೂ ಅದು ವಾಪಸ್ ಬರದು.

ಹಾಗಾಗಿ ಸಾರ್ಟ್ ಮಾಡಬೇಕಾದದ್ದು ಇಂಡೆಕ್ಸ್‌ಗಳನ್ನು. 0ಯಿಂದ 6ರವರೆಗಿನ ಪಟ್ಟಿ ತೆಗೆದುಕೊಳ್ಳಿ. ಎರಡು ಇಂಡೆಕ್ಸ್‌ಗಳನ್ನು ಹೋಲಿಸುವಾಗ ದೊಡ್ಡ ಬೆಲೆ ಇರುವುದು ಮುಂದೆ, ಬೆಲೆ ಸಮವಾದರೆ ಚಿಕ್ಕ ಇಂಡೆಕ್ಸ್ ಮುಂದೆ. ಬೆಲೆಗಳು ಸಮ ಆಗಬಹುದು, ಇಂಡೆಕ್ಸ್‌ಗಳು ಎಂದೂ ಆಗವು. ಆದ್ದರಿಂದ ಈ ಜೋಡಿ ನಿಯಮದಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ.

ಪ = [4, 1, 3, 6, 2, 5, 0]

ಮೊದಲ ನಾಲ್ಕು ತೆಗೆದುಕೊಂಡರೆ ಕೆಲಸ ಮುಗಿಯಿತು.

ಪ ಬೇರೆ, ರ‍್ಯಾಂಕ್ ಬೇರೆ

ಇಲ್ಲಿ ನಿಧಾನವಾಗಿ ಓದಿ, ಎಡವುವುದು ಇಲ್ಲೇ. ಪ ನೋಡಿ "0ನೇ ಇಂಡೆಕ್ಸ್‌ನಲ್ಲಿರುವ 40ರ ರ‍್ಯಾಂಕ್ 4" ಎಂದು ಓದಿಕೊಳ್ಳುವವರು ಬಹಳ. 40 ಎಲ್ಲಕ್ಕಿಂತ ಚಿಕ್ಕದು, ಅದರ ರ‍್ಯಾಂಕ್ 7.

ಪ ಎಂಬುದು ನೋಟಿಸ್ ಬೋರ್ಡಿಗೆ ಹಾಕುವ ಫಲಿತಾಂಶದ ಪಟ್ಟಿಯಂತೆ: ಸಾಲು ರ‍್ಯಾಂಕಿನದು, ಒಳಗೆ ಬರೆದಿರುವುದು ರೋಲ್ ನಂಬರ್. ನಮಗೆ ಹಲವು ಸಲ ಬೇಕಾಗುವುದು ಅದರ ತಿರುಗುಮುರುಗು: ಸಾಲು ರೋಲ್ ನಂಬರಿನದು, ಒಳಗೆ ರ‍್ಯಾಂಕ್. ಅದನ್ನು ರ ಎನ್ನೋಣ. ಪ-ಯನ್ನು ಎಡದಿಂದ ನಡೆದುಕೊಂಡು ಹೋಗಿ. ಮೊದಲು ಸಿಗುವುದು 4, ಆದ್ದರಿಂದ ರ-ದ 4ನೇ ಜಾಗದಲ್ಲಿ 1 ಬರೆಯಿರಿ. ಮುಂದೆ 1 ಸಿಗುತ್ತದೆ, ರ-ದ 1ನೇ ಜಾಗದಲ್ಲಿ 2. ಆಮೇಲೆ 3, ಅಲ್ಲಿ 3. ಮತ್ತೆ 6, ಅಲ್ಲಿ 4. 2ರಲ್ಲಿ 5, 5ರಲ್ಲಿ 6, ಕೊನೆಗೆ 0ಯಲ್ಲಿ 7.

ರ = [7, 2, 5, 3, 1, 6, 4]

ಪ-ಯನ್ನೇ ಮತ್ತೊಮ್ಮೆ ಏರಿಕೆ ಕ್ರಮದಲ್ಲಿ ಆರ್ಗ್‌ಸಾರ್ಟ್ (ಬೆಲೆಗಳ ಬದಲು ಇಂಡೆಕ್ಸ್‌ಗಳನ್ನು ಸಾರ್ಟ್ ಮಾಡುವುದು) ಮಾಡಿ ಪ್ರತಿ ಸಂಖ್ಯೆಗೂ 1 ಕೂಡಿಸಿದರೂ ಇದೇ ಬರುತ್ತದೆ. ಆದರೆ ಒಂದೇ ಸುತ್ತಿನಲ್ಲಿ ತುಂಬಿಬಿಡಬಹುದಾದುದಕ್ಕೆ ಇನ್ನೊಂದು ಸಾರ್ಟ್ ಯಾಕೆ?

ಪರೀಕ್ಷೆಗೆ [30, 20, 10]ರಂಥ ಅರೇ ಕೊಡಬೇಡಿ. ಅದರಲ್ಲಿ ಪ-ಗೆ 1 ಕೂಡಿಸಿದರೆ ಬರುವುದೂ ರ-ವೂ ಒಂದೇ ಆಗಿ ತಪ್ಪು ಮುಚ್ಚಿಹೋಗುತ್ತದೆ.

ಸಾರ್ಟ್ ಇಲ್ಲದೆ ಎಣಿಸಿ

ನನಗೆ ತುಂಬ ಹಿಡಿಸಿದ ದಾರಿ ಇದು. ಒಂದು ಇಂಡೆಕ್ಸಿನ ರ‍್ಯಾಂಕ್ = 1 + ಅದಕ್ಕಿಂತ ದೊಡ್ಡ ಬೆಲೆಗಳ ಸಂಖ್ಯೆ + ಅದಕ್ಕೆ ಸಮನಾಗಿದ್ದು ಅದರ ಎಡಕ್ಕಿರುವ ಬೆಲೆಗಳ ಸಂಖ್ಯೆ. 6ನೇ ಇಂಡೆಕ್ಸಿನ 75ಕ್ಕೆ: ದೊಡ್ಡದು ಒಂದು (90), ಎಡಕ್ಕೆ ಸಮನಾದವು ಎರಡು, ಒಟ್ಟು 1 + 1 + 2 = 4. ಮೂರನೆಯ ಪದವನ್ನು ಬಿಟ್ಟರೆ ಕ್ರೀಡಾಕೂಟದ ಬಗೆಯ ರ‍್ಯಾಂಕ್ ಬರುತ್ತದೆ: [7, 2, 5, 2, 1, 5, 2]. ದೊಡ್ಡವನ್ನು ಎಣಿಸುವಾಗ ಬೇರೆ ಬೇರೆ ಬೆಲೆಗಳನ್ನಷ್ಟೇ ಎಣಿಸಿದರೆ ನಡುವೆ ಖಾಲಿ ಬಿಡದ ಡೆನ್ಸ್ ರ‍್ಯಾಂಕ್: [4, 2, 3, 2, 1, 3, 2]. "ಮೂರನೇ ದೊಡ್ಡ ಬೆಲೆ" ಎಂದು ಕೇಳಿದರೆ ಮೊದಲ ಲೆಕ್ಕದಲ್ಲಿ 75, ಡೆನ್ಸ್ ಲೆಕ್ಕದಲ್ಲಿ 60. ಪ್ರಶ್ನೆ ಯಾವುದನ್ನು ಕೇಳುತ್ತಿದೆ ಎಂದು ಕೋಡ್ ಬರೆಯುವ ಮುಂಚೆಯೇ ತೀರ್ಮಾನಿಸಿ.

ಸ್ಪ್ರೆಡ್‌ಶೀಟ್‌ಗೂ ಇದೇ ಸೂತ್ರ: ರ‍್ಯಾಂಕ್ ಫಂಕ್ಷನ್ ಕೊಟ್ಟದ್ದಕ್ಕೆ ಕೌಂಟಿಫ್ (ಆ ಬೆಲೆ ಎಷ್ಟು ಸಲ ಇದೆ ಎಂದು ಎಣಿಸುವುದು) ಕೂಡಿಸಿ 1 ಕಳೆಯಿರಿ. ಕೌಂಟಿಫ್‌ನ ವ್ಯಾಪ್ತಿ ಮೊದಲ ಸಾಲಿನಿಂದ ಈಗಿನ ಸಾಲಿನವರೆಗೆ ಮಾತ್ರ, ಮೊದಲ ಸಾಲಿಗೆ ಡಾಲರ್ ಚಿಹ್ನೆ ಹಾಕಿ ಬಿಗಿ ಮಾಡಿರಬೇಕು. ಸಮ ಬೆಲೆಗಳನ್ನು ಬೇರ್ಪಡಿಸಲು ಪ್ರತಿ ಸಾಲಿಗೂ ಸಾಲಿನ ಸಂಖ್ಯೆ × 0.000001ರಷ್ಟು ಕೂಡಿಸುವ ಉಪಾಯ ಬೇಡ. ಬೆಲೆ ಹತ್ತು ಸಾವಿರ ಕೋಟಿಯಷ್ಟಾದರೆ ಅಷ್ಟು ಸಣ್ಣ ಭಾಗ ದಶಾಂಶ ಸಂಖ್ಯೆಯಲ್ಲಿ ಉಳಿಯುವುದೇ ಇಲ್ಲ.

ಎಣಿಕೆಯ ದೋಷ ಒಂದೇ: ಪ್ರತಿ ಇಂಡೆಕ್ಸಿಗೂ ಇಡೀ ಅರೇ ನೋಡಬೇಕು. ಒಂದು ಲಕ್ಷ ಬೆಲೆಗಳಿದ್ದರೆ ಸಾವಿರ ಕೋಟಿ ಹೋಲಿಕೆಗಳು. ಆಗ ಸಾರ್ಟ್‌ಗೇ ಹೋಗಿ.

ಉಲ್ಟಾ ಮಾಡುವಾಗ

ಏರಿಕೆ ಕ್ರಮದಲ್ಲಿ ಸ್ಟೇಬಲ್ ಸಾರ್ಟ್ (ಸಮ ಬೆಲೆಗಳ ಮೂಲ ಕ್ರಮವನ್ನು ಉಳಿಸುವ ಸಾರ್ಟ್) ಮಾಡಿ ಪಟ್ಟಿಯನ್ನು ತಿರುಗಿಸಿದರೆ 4, 6, 3, 1, 5, 2, 0 ಬರುತ್ತದೆ. ಬೆಲೆಗಳ ಕ್ರಮ ಸರಿ, ಆದರೆ ಸಮ ಬೆಲೆಗಳೊಳಗಿನ ಕ್ರಮ ತಲೆಕೆಳಗು. ಪೈಥಾನ್‌ನ ಸಾರ್ಟೆಡ್‌ಗೆ ರಿವರ್ಸ್ ಕೊಟ್ಟರೆ ಈ ತೊಂದರೆ ಇಲ್ಲ, ಅದು ಸಮ ಬೆಲೆಗಳ ಮೂಲ ಕ್ರಮವನ್ನು ಕಾಪಾಡುತ್ತದೆ. ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈಯಲ್ಲಿ ಬೆಲೆಗಳಿಗೆ ಮೈನಸ್ ಹಾಕಿ, ಸಾರ್ಟ್‌ನ ಬಗೆ ಸ್ಟೇಬಲ್ ಎಂದು ಬರೆದೇ ಹೇಳಬೇಕು. ಚಿಹ್ನೆಯಿಲ್ಲದ ಪೂರ್ಣಾಂಕಗಳಿಗೆ ಮಾತ್ರ ಮೈನಸ್ ಹಾಕಬೇಡಿ: 0 ಹಾಗೆಯೇ ಉಳಿದು ಎಲ್ಲಕ್ಕಿಂತ ಮುಂದೆ ಬಂದು ಕೂರುತ್ತದೆ.

ಮೊದಲ ಮೂರು ಸಾಕೆಂದಾಗ

ಗಡಿ ಸರಿಯಾಗಿ 75ರ ಗುಂಪಿನ ನಡುವೆ ಬೀಳುತ್ತದೆ. ಆರ್ಗ್‌ಪಾರ್ಟಿಶನ್ (ಪೂರ್ತಿ ಸಾರ್ಟ್ ಮಾಡದೆ ದೊಡ್ಡವುಗಳ ಇಂಡೆಕ್ಸ್‌ಗಳನ್ನು ಬೇರ್ಪಡಿಸುವ ನಂಪೈ ಫಂಕ್ಷನ್) ಬಳಸಿದರೆ ಮೂರು 75ಗಳಲ್ಲಿ ಯಾವ ಎರಡು ಬರುತ್ತವೆಂಬ ಭರವಸೆಯಿಲ್ಲ. ಅದರಿಂದ ಮೂರನೇ ದೊಡ್ಡ ಬೆಲೆಯನ್ನಷ್ಟೇ ಪಡೆಯಿರಿ, ಅದು 75. ಅದಕ್ಕಿಂತ ದೊಡ್ಡವನ್ನೆಲ್ಲ ಎತ್ತಿಕೊಳ್ಳಿ: 4 ಒಂದೇ. ಇನ್ನೆರಡು ಬಾಕಿ, ಎಡದಿಂದ ಮೊದಲ ಎರಡು 75: ಇಂಡೆಕ್ಸ್ 1 ಮತ್ತು 3. ಸಮನಾದವರನ್ನು ಬಿಡಬಾರದೆಂಬ ನಿಯಮವಿದ್ದರೆ 75 ಅಥವಾ ಹೆಚ್ಚು ಇರುವ ಎಲ್ಲವೂ ಒಳಗೆ, ಆಗ ಉತ್ತರದಲ್ಲಿ ನಾಲ್ಕು ಇಂಡೆಕ್ಸ್.

ಕೋಡ್ ಪರೀಕ್ಷಿಸಲು [5, 5, 5, 5] ಕೊಡಿ, ಪ 0, 1, 2, 3 ಆಗಬೇಕು. ಅದರ ಜೊತೆಗೆ ಎರಡೇ ಬಗೆಯ ಬೆಲೆಗಳಿರುವ ಸಾವಿರ ಉದ್ದದ ಅರೇಯೂ ಬೇಕು. ಹಲವು ಲೈಬ್ರರಿಗಳು ಚಿಕ್ಕ ಅರೇಗಳಿಗೆ ಇನ್ಸರ್ಶನ್ ಸಾರ್ಟ್ ಬಳಸುತ್ತವೆ, ಅದು ಸ್ಟೇಬಲ್. ಸ್ಟೇಬಲ್ ಅಲ್ಲದ ಸಾರ್ಟ್‌ನ ತಪ್ಪು ಉದ್ದದ ಅರೇಯಲ್ಲೇ ಹೊರಬೀಳುವುದು.