ಕದ್ದಾಲಿಕೆಯ ಆದೇಶಕ್ಕೆ ಸಹಿ ಹಾಕುವವರು ಯಾರು?

1844ರಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ಇಟಲಿಯ ಕ್ರಾಂತಿಕಾರಿ ಜುಸೆಪ್ಪೆ ಮ್ಯಾಜಿನಿಗೆ ಒಂದು ಅನುಮಾನ ಬಂತು. ತನಗೆ ಬರುವ ಕಾಗದಗಳನ್ನು ದಾರಿಯಲ್ಲೇ ಯಾರೋ ತೆರೆದು ಓದುತ್ತಿದ್ದಾರೆ ಎಂದು. ಖಾತ್ರಿ ಮಾಡಿಕೊಳ್ಳಲು ಸ್ನೇಹಿತರು ಲಕೋಟೆಯೊಳಗೆ ಗಸಗಸೆ ಕಾಳು, ಕೂದಲೆಳೆ ಇಟ್ಟು ಅಂಚೆಗೆ ಹಾಕಿದರು. ಕಾಗದ ಕೈಗೆ ಬಂದಾಗ ಅವು ಇರಲಿಲ್ಲ. ಜೂನ್‌ನಲ್ಲಿ ದೂರು ಪಾರ್ಲಿಮೆಂಟಿಗೆ ಹೋಯಿತು. ಕಾಗದ ತೆರೆಯಲು ವಾರಂಟ್ ಕೊಟ್ಟಿದ್ದವರು ಗೃಹ ಸಚಿವ ಜೇಮ್ಸ್ ಗ್ರಹಾಂ. ಸಿಕ್ಕ ಮಾಹಿತಿ ಬೇರೆ ದೇಶದ ಸರ್ಕಾರಕ್ಕೂ ತಲುಪಿತ್ತು.

ದೊಡ್ಡ ಗಲಾಟೆಯಾಯಿತು. ಅಂಚೆ ಇಲಾಖೆಯೊಳಗೆ ಈ ಕೆಲಸಕ್ಕೆಂದೇ ಇದ್ದ ಗುಪ್ತ ಕಚೇರಿಯನ್ನು ಮುಚ್ಚಿದರು. ಆದರೆ ವಾರಂಟ್ ಕೊಡುವ ಸಚಿವರ ಅಧಿಕಾರ ಹಾಗೇ ಉಳಿಯಿತು.

ಭದ್ರತೆ ಜಾಸ್ತಿಯೋ, ಖಾಸಗಿತನ ಜಾಸ್ತಿಯೋ ಎಂದು ಇಂದಿಗೂ ವಾದ ನಡೆಯುತ್ತದೆ. ಎರಡೂ ಬೇಕು ಎಂದು ಎಲ್ಲರೂ ಒಪ್ಪುವುದರಿಂದ ಆ ವಾದ ಮುಂದಕ್ಕೇ ಹೋಗುವುದಿಲ್ಲ. ಈ ಇತಿಹಾಸವನ್ನು ನೋಡುತ್ತಾ ಹೋದರೆ ನನಗೆ ಮುಖ್ಯ ಅನಿಸುವುದು ಇನ್ನೊಂದು ಪ್ರಶ್ನೆ. ಆದೇಶಕ್ಕೆ ಸಹಿ ಹಾಕುವವರು ಯಾರು? ಆ ಸಹಿ ಸರಿಯೇ ಎಂದು ಆಮೇಲೆ ಕೇಳುವವರು ಯಾರು?

ಟೆಲಿಫೋನ್ ಬಂದ ಮೇಲೆ ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ಸಿಯಾಟಲ್‌ನಲ್ಲಿ ಹಿಂದೆ ಪೊಲೀಸ್ ಅಧಿಕಾರಿಯಾಗಿದ್ದ ರಾಯ್ ಓಮ್‌ಸ್ಟೆಡ್, ಮದ್ಯ ನಿಷೇಧದ ಕಾಲದಲ್ಲಿ ದೊಡ್ಡ ಕಳ್ಳ ವ್ಯಾಪಾರ ನಡೆಸುತ್ತಿದ್ದ. ಅಧಿಕಾರಿಗಳು ಮನೆಯ ಹೊರಗಿನ ತಂತಿಗೆ ತಂತಿ ಜೋಡಿಸಿ ತಿಂಗಳುಗಟ್ಟಲೆ ಮಾತು ಕೇಳಿದರು. ವಾರಂಟ್ ಇರಲಿಲ್ಲ. ಮನೆಯೊಳಗೆ ಕಾಲಿಟ್ಟಿಲ್ಲವಲ್ಲ, ಹಾಗಾಗಿ ಇದು ವಾರಂಟ್ ಬೇಕಾಗುವಂಥ ಶೋಧನೆಯೇ ಆಗುವುದಿಲ್ಲ ಎಂದು 1928ರಲ್ಲಿ 5 ನ್ಯಾಯಮೂರ್ತಿಗಳು ಹೇಳಿದರು. 4 ಮಂದಿ ಒಪ್ಪಲಿಲ್ಲ. ಅವರಲ್ಲೊಬ್ಬರಾದ ಲೂಯಿಸ್ ಬ್ರಾಂಡೈಸ್, ಮುಂದೊಂದು ದಿನ ಸರ್ಕಾರವು ಮೇಜಿನ ಖಾನೆಯಿಂದ ಕಾಗದ ತೆಗೆಯದೆಯೇ ಅದರಲ್ಲಿರುವುದನ್ನು ಓದಬಲ್ಲ ಕಾಲ ಬರಬಹುದು ಎಂದು ಆಗಲೇ ಎಚ್ಚರಿಸಿದ್ದರು.

ಆ ತೀರ್ಪು ಬದಲಾಗಲು 39 ವರ್ಷ ಬೇಕಾಯಿತು. ಲಾಸ್ ಏಂಜಲಿಸ್‌ನಲ್ಲಿ ಚಾರ್ಲ್ಸ್ ಕಾಟ್ಜ್ ಎಂಬಾತ ರಸ್ತೆಬದಿಯ ಫೋನ್ ಬೂತ್‌ನಿಂದ ಜೂಜಿನ ವ್ಯವಹಾರ ಮಾಡುತ್ತಿದ್ದ. ಎಫ್‌ಬಿಐ ಬೂತ್‌ನ ಹೊರಗೆ ಮೈಕ್ ಅಂಟಿಸಿ ಕೇಳಿಸಿಕೊಂಡಿತು. ಸಂವಿಧಾನದ ರಕ್ಷಣೆ ಇರುವುದು ಮನುಷ್ಯರಿಗೆ, ಬರೀ ಜಾಗಗಳಿಗೆ ಎಂದು ತಿಳಿಯಬೇಡಿ ಎಂಬ ಅರ್ಥದ ತೀರ್ಪು 1967ರಲ್ಲಿ ಬಂತು. ಮರುವರ್ಷವೇ ಕಾನೂನಾಯಿತು. ಪೊಲೀಸರು ಫೋನ್ ಕೇಳಬೇಕಾದರೆ ಮೊದಲು ನ್ಯಾಯಾಧೀಶರ ಅನುಮತಿ ಪಡೆಯಬೇಕು.

ಆದರೆ ರಾಷ್ಟ್ರೀಯ ಭದ್ರತೆ ಎಂಬ ಬಾಗಿಲು ತೆರೆದೇ ಇತ್ತು. ಅದರೊಳಗೆ ಏನೇನು ನಡೆದಿತ್ತು ಎಂಬುದು 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ನೇತೃತ್ವದ ಸಮಿತಿ ವಿಚಾರಣೆ ಶುರುಮಾಡಿದ ಮೇಲೆ ಹೊರಬಂತು. ಮಾರ್ಟಿನ್ ಲೂಥರ್ ಕಿಂಗ್ ಅವರ ಫೋನ್ ಕೇಳಲು 1963ರಲ್ಲಿ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ ಒಪ್ಪಿಗೆ ಕೊಟ್ಟಿದ್ದರು. ಟೆಲಿಗ್ರಾಂ ಕಂಪನಿಗಳು ಹೊರದೇಶದ ಸಂದೇಶಗಳ ಪ್ರತಿಗಳನ್ನು 1945ರಿಂದ 1975ರವರೆಗೆ, ಅಂದರೆ 30 ವರ್ಷ, ಸರ್ಕಾರಕ್ಕೆ ಕೊಡುತ್ತಾ ಬಂದಿದ್ದವು. ಯಾವ ಕೋರ್ಟಿಗೂ ಇದು ಗೊತ್ತಿರಲಿಲ್ಲ. ಹೀಗಾಗಿ 1978ರಲ್ಲಿ ಗುಪ್ತಚರ ಕದ್ದಾಲಿಕೆಗೂ ನ್ಯಾಯಾಧೀಶರ ಸಹಿ ಬೇಕು ಎಂಬ ಕಾಯ್ದೆ ಬಂತು. ಅದಕ್ಕೆಂದೇ ಗುಟ್ಟಾಗಿ ನಡೆಯುವ ಒಂದು ಕೋರ್ಟ್ ಹುಟ್ಟಿಕೊಂಡಿತು.

ಹಾಗಾದರೆ ಸಮಸ್ಯೆ ಮುಗಿಯಿತು ಅಲ್ವಾ? ಇಲ್ಲ. 2013ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗೆ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳಲ್ಲಿ ಇದೇ ಕೋರ್ಟಿನ ಒಂದು ಆದೇಶವಿತ್ತು. ವೆರಿಝಾನ್ ಕಂಪನಿ ತನ್ನ ಗ್ರಾಹಕರು ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಕರೆ ಮಾಡಿದರು ಎಂಬ ವಿವರವನ್ನು ಪ್ರತಿದಿನ ಒಪ್ಪಿಸಬೇಕಿತ್ತು. ಒಬ್ಬರ ಮೇಲೆ ಸಂಶಯ ಎಂದಲ್ಲ, ಎಲ್ಲರದ್ದೂ. ಸಹಿ ನ್ಯಾಯಾಧೀಶರದ್ದೇ. ಆದರೆ ಆ ಕೋಣೆಯಲ್ಲಿ ವಾದ ಮಂಡಿಸುತ್ತಿದ್ದದ್ದು ಸರ್ಕಾರ ಮಾತ್ರ. ಇನ್ನೊಂದು ಕಡೆಯವರ ಮಾತನ್ನು ಕೇಳದೆ ಕೊಡುವ ಅನುಮತಿ ಎಷ್ಟು ಗಟ್ಟಿ ಎಂಬ ಪ್ರಶ್ನೆ ಆಗ ಎದ್ದಿತು. 2015ರಲ್ಲಿ ಹೊಸ ಕಾನೂನು ಈ ಸಗಟು ಸಂಗ್ರಹವನ್ನು ನಿಲ್ಲಿಸಿತು.

ಇದರಿಂದ ಭದ್ರತೆಗೆ ಏನು ಸಿಕ್ಕಿತು ಎಂದೂ ಕೇಳಬೇಕು. ಅಮೆರಿಕದ್ದೇ ಸ್ವತಂತ್ರ ಮೇಲ್ವಿಚಾರಣಾ ಮಂಡಳಿ 2014ರ ಜನವರಿಯಲ್ಲಿ ವರದಿ ಕೊಟ್ಟಿತು. ಈ ಕಾರ್ಯಕ್ರಮದಿಂದಲೇ ಭಯೋತ್ಪಾದನೆಯ ತನಿಖೆಯೊಂದರ ಫಲಿತಾಂಶ ಬದಲಾಯಿತು ಎನ್ನಲು ಒಂದು ಉದಾಹರಣೆಯೂ ಸಿಗಲಿಲ್ಲ ಎಂದು ಅದು ಹೇಳಿತು. 2001ರ ಸೆಪ್ಟೆಂಬರ್ 11ರ ದಾಳಿಕೋರರಲ್ಲಿ ಇಬ್ಬರ ಹೆಸರು ಸಿಐಎಗೆ ಮೊದಲೇ ಗೊತ್ತಿತ್ತು. ಆ ಮಾಹಿತಿ ಬೇಕಾದವರಿಗೆ ಬೇಕಾದ ಹೊತ್ತಿಗೆ ಹೋಗಲಿಲ್ಲ. ಹಾಗೆಂದು ಕದ್ದಾಲಿಕೆಯೇ ಬೇಡ ಎನ್ನುವವನು ನಾನಲ್ಲ. 2020ರಲ್ಲಿ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ಪೊಲೀಸರು ಎನ್‌ಕ್ರೋಚಾಟ್ ಎಂಬ ಗೂಢಲಿಪಿ ಫೋನ್ ಜಾಲದೊಳಗೆ ನುಗ್ಗಿದ್ದರಿಂದ ಮಾದಕವಸ್ತು ಜಾಲಗಳ ಸಾವಿರಾರು ಮಂದಿ ಸಿಕ್ಕಿಬಿದ್ದರು.

ಬ್ರಿಟನ್ನಿನ ಕಥೆ ಇನ್ನೂ ನಿಧಾನದ್ದು. ಅಲ್ಲಿ ಫೋನ್ ಕದ್ದಾಲಿಕೆಗೆ ಕಾನೂನೇ ಇರಲಿಲ್ಲ. ಬೇಡ ಎನ್ನುವ ಕಾನೂನಿಲ್ಲ, ಹಾಗಾಗಿ ತಪ್ಪಿಲ್ಲ ಎಂದು 1979ರಲ್ಲಿ ಅಲ್ಲಿನ ಕೋರ್ಟ್ ಹೇಳಿತು. ಮೆಲೋನ್ ಎಂಬವರು ಹೂಡಿದ್ದ ಅದೇ ಪ್ರಕರಣದಲ್ಲಿ 1984ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದಕ್ಕೆ ವಿರುದ್ಧವಾಗಿ ತೀರ್ಪು ಕೊಟ್ಟ ಮೇಲೆ, 1985ರಲ್ಲಿ ಕಾಯ್ದೆಯಾಯಿತು. ಆಗಲೂ ಸಹಿ ಸಚಿವರದ್ದೇ. ಸಚಿವರ ಸಹಿಯ ಮೇಲೆ ನ್ಯಾಯಾಂಗದ ಆಯುಕ್ತರೊಬ್ಬರ ಒಪ್ಪಿಗೆಯೂ ಇರಬೇಕು ಎಂಬ ನಿಯಮ ಬಂದದ್ದು 2016ರಲ್ಲಿ. ಮ್ಯಾಜಿನಿಯ ದೂರಿನಿಂದ ಅಲ್ಲಿಗೆ 172 ವರ್ಷ.

ಭಾರತಕ್ಕೆ ಇದೇ ಬ್ರಿಟಿಷರು ಕೊಟ್ಟುಹೋದದ್ದು ಕದ್ದಾಲಿಕೆಗೆ ಅವಕಾಶ ಕೊಟ್ಟ 1885ರ ಟೆಲಿಗ್ರಾಫ್ ಕಾಯ್ದೆ. ಕದ್ದಾಲಿಕೆಯ ಆರೋಪದ ಮೇಲೆ 1988ರಲ್ಲಿ ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. 1996ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಲವು ಕಟ್ಟುಪಾಡು ಹಾಕಿತು. ಆದೇಶಕ್ಕೆ ಗೃಹ ಕಾರ್ಯದರ್ಶಿ ಸಹಿ ಹಾಕಬೇಕು, ಪರಿಶೀಲನಾ ಸಮಿತಿ ಅದನ್ನು ನೋಡಬೇಕು. ನ್ಯಾಯಾಧೀಶರ ಮುಂಗಡ ಅನುಮತಿಯನ್ನು ಮಾತ್ರ ಕೋರ್ಟ್ ಕಡ್ಡಾಯ ಮಾಡಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಸಹಿಯ ವ್ಯವಸ್ಥೆ ಆಗಲೂ ಬದಲಾಗಲಿಲ್ಲ.

2021ರಲ್ಲಿ ಫೋನ್‌ಗೆ ನುಗ್ಗಿ ಬೇಹುಗಾರಿಕೆ ಮಾಡುವ ಪೆಗಾಸಸ್ ಎಂಬ ತಂತ್ರಾಂಶದ ವಿವಾದ ಬಂದಾಗ, ರಾಷ್ಟ್ರೀಯ ಭದ್ರತೆ ಎಂದ ಮಾತ್ರಕ್ಕೆ ಸರ್ಕಾರಕ್ಕೆ ಪ್ರತಿ ಸಲವೂ ವಿನಾಯಿತಿ ಸಿಗದು ಎಂದು ಸುಪ್ರೀಂ ಕೋರ್ಟ್ ಹೇಳಿ ಸಮಿತಿ ಮಾಡಿತು. ಸಮಿತಿ ನೋಡಿದ 29 ಫೋನ್‌ಗಳಲ್ಲಿ 5ರಲ್ಲಿ ಕುತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎನ್ನಲು ಪುರಾವೆ ಸಿಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಎಂಬುದು ಸಮಿತಿಯ ದೂರಾಗಿತ್ತು.

2024ರ ಡಿಸೆಂಬರ್‌ನಲ್ಲಿ ಹೊಸ ಕದ್ದಾಲಿಕೆ ನಿಯಮಗಳು ಬಂದವು. ಕೇಂದ್ರದಲ್ಲಿ ಸಹಿ ಗೃಹ ಕಾರ್ಯದರ್ಶಿಯದ್ದು. ಪರಿಶೀಲಿಸುವ ಸಮಿತಿಗೆ ಸಂಪುಟ ಕಾರ್ಯದರ್ಶಿ ಅಧ್ಯಕ್ಷರು, ಸದಸ್ಯರು ಇನ್ನಿಬ್ಬರು ಕಾರ್ಯದರ್ಶಿಗಳು. ಎಲ್ಲರೂ ಒಂದೇ ಸರ್ಕಾರದವರು. ಅಮೆರಿಕದ 1968ರ ಕಾನೂನಿನಲ್ಲಿ, ಪೊಲೀಸ್ ಕದ್ದಾಲಿಕೆ ಮುಗಿದ ಮೇಲೆ ಸಾಮಾನ್ಯವಾಗಿ 90 ದಿನದೊಳಗೆ ಸಂಬಂಧಪಟ್ಟವರಿಗೆ ತಿಳಿಸಬೇಕು. ತಿಳಿದರೆ ತಾನೇ ಅವರು ಕೋರ್ಟಿಗೆ ಹೋಗಲು ಸಾಧ್ಯ? ನಮ್ಮ ಹೊಸ ನಿಯಮಗಳಲ್ಲಿ ಹಾಗೆ ತಿಳಿಸಬೇಕೆಂಬ ಮಾತಿಲ್ಲ. ಅಗತ್ಯವಿಲ್ಲದ ದಾಖಲೆಗಳನ್ನು 6 ತಿಂಗಳಿಗೊಮ್ಮೆ ನಾಶ ಮಾಡಬೇಕು ಎಂಬುದು ಇದೆ. ತನಿಖೆ ಮುಗಿದ ಮೇಲೆ ತಿಳಿಸುವ ಒಂದು ನಿಯಮ, ಸಹಿಗೆ ಮುಂಚೆ ಒಬ್ಬ ನ್ಯಾಯಾಧೀಶರ ನೋಟ, ಇವೆರಡನ್ನು ಸೇರಿಸಲು ಸಂಸತ್ತಿಗೆ ಅಡ್ಡಿ ಏನೂ ಇಲ್ಲ.