ಮುಳ್ಳು, ಹೆಡ್ಡು, ಆಮೇಲೆ ಕಂಪ್ಯೂಟರ್

ಹಳೆಯ ರೆಕಾರ್ಡು, ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಹೊರಟವರು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮುಳ್ಳು ಗೀರಿನಿಂದ ಎತ್ತದ, ಹೆಡ್ಡು ಟೇಪಿನಿಂದ ಓದದ ದನಿಯನ್ನು ಯಾವ ಸಾಫ್ಟ್‌ವೇರೂ ಹುಟ್ಟಿಸಿ ಕೊಡಲಾರದು.

ರೆಕಾರ್ಡ್ ಪ್ಲೇಯರಿನ ತಂತಿಯನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ: ದನಿ ಕ್ಷೀಣವಾಗಿ, ತಗಡು ಬಡಿದಂತೆ ಕೇಳುತ್ತದೆ. ಮುಳ್ಳಿನ ಕುಣಿತವನ್ನು ವಿದ್ಯುತ್ತಾಗಿಸುವ ಸಾಮಾನ್ಯ ಕಾರ್ಟ್ರಿಜ್ ಹೊರಡಿಸುವುದೇ 5 ಮಿಲಿವೋಲ್ಟ್ ಆಸುಪಾಸು. ಲೈನ್ ಇನ್‌ಪುಟ್ಟಿಗೆ ಅದು ಏನೇನೂ ಸಾಲದು. ಜೊತೆಗೆ, ಗೀರು ಕೊರೆಯುವಾಗಲೇ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಮಂದ್ರವನ್ನು ಇದ್ದ ಹಾಗೆಯೇ ಕೊರೆದರೆ ಗೀರು ಓಲಾಡಿ ಪಕ್ಕದ ಗೀರಿಗೆ ತಾಗುತ್ತದೆ. ತಾರವನ್ನು ಏರಿಸುವುದು ಮೇಲ್ಮೈಯ ಚರಚರ ಸದ್ದನ್ನು ಮೀರಿಸಲು. 1954ರಲ್ಲಿ ಬಂದ ಆರ್‌ಐಎಎ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ) ಮಾನಕದಂತೆ 20 ಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ಇಳಿಕೆ, 20,000 ಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಏರಿಕೆ. ಇದನ್ನು ತಿರುವುಮುರುವಾಗಿಸಿ ದನಿಯನ್ನು ಸಮ ಮಾಡುವುದು ಫೋನೊ ಪ್ರೀಆಂಪ್. ಯುಎಸ್‌ಬಿ ಇರುವ ಪ್ಲೇಯರುಗಳಲ್ಲಿ ಇದು ಒಳಗೇ ಇರುತ್ತದೆ. ಅಂಥದ್ದಕ್ಕೆ ಹೊರಗಿನದನ್ನೂ ಸೇರಿಸಿದರೆ ಸಿಗುವುದು ಗಜಿಬಿಜಿ, ಒಡಕು ದನಿ. ಲ್ಯಾಪ್‌ಟಾಪಿನ ಮೈಕ್ ತೂತನ್ನಂತೂ ಮುಟ್ಟಬೇಡಿ. ಅದು ಬಹುಪಾಲು ಮೋನೋ, ಎಡ ಬಲ ಬೇರೆ ಮಾಡುವುದಿಲ್ಲ.

ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗಳ ದಾರಿಯೇ ಬೇರೆ. ಅವುಗಳ ಗೀರು ಅಗಲ, ಮುಳ್ಳಿನ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್ ಇರಬೇಕು. ಎಲ್‌ಪಿಯ (ಆಮೇಲೆ ಬಂದ ವಿನೈಲ್ ರೆಕಾರ್ಡಿನ) 18 ಮೈಕ್ರಾನಿನ ಮುಳ್ಳು ಗೀರಿನ ತಳ ಸೇರಿ ಅಲ್ಲಿನ ಕಸವನ್ನೇ ಕೆರೆಯುತ್ತದೆ. ಈ ತಟ್ಟೆಗಳನ್ನು ಆಲ್ಕೋಹಾಲ್‌ನಿಂದ ಒರೆಸಬಾರದು, ಅರಗು ಅದರಲ್ಲಿ ಕರಗುತ್ತದೆ. ಮುದ್ರಣ ಮೋನೋ ಆದ್ದರಿಂದ ಸ್ಟೀರಿಯೋ ಕಾರ್ಟ್ರಿಜ್‌ನಲ್ಲಿ ಓದಿಸಿ ಎಡ ಬಲ ಎರಡನ್ನೂ ಕೂಡಿಸಿ: ದನಿ ಅಡ್ಡಡ್ಡ ಓಲಾಟದಲ್ಲಿದೆ, ಮೇಲೆ ಕೆಳಗೆ ಕುಣಿಯುವ ಗದ್ದಲ ಪರಸ್ಪರ ಕಳೆದುಹೋಗುತ್ತದೆ.

ಕ್ಯಾಸೆಟ್‌ನಲ್ಲಿ ಹೆಚ್ಚಿನವರು ಎಡವುವುದು ಹೆಡ್ಡಿನ ಓರೆಯಲ್ಲಿ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಂದರೆ 10,000 ಹರ್ಟ್ಸ್ ಸ್ವರದ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ 5 ಮೈಕ್ರಾನಿಗೂ ಕಡಿಮೆ. ಹೆಡ್ಡಿನ ಸೀಳು ಟೇಪಿಗೆ ನೆಟ್ಟಗೆ ನಿಲ್ಲದೆ ಕೂದಲೆಳೆಯಷ್ಟು ವಾಲಿದರೂ ಅಲೆಯ ಏರು ತಗ್ಗುಗಳು ಒಟ್ಟಿಗೇ ಓದಲ್ಪಟ್ಟು ರದ್ದಾಗುತ್ತವೆ. ಕಂಬಳಿ ಹೊದೆಸಿದಂತಹ ಮಂಕು ದನಿಗೆ ಟೇಪು ಸವೆದದ್ದು ಕಾರಣವಲ್ಲ, ಬಹಳ ಸಲ ಇದೇ ಕಾರಣ. ತಿದ್ದಲು ಡಾಲ್ಬಿಯನ್ನು (ಟೇಪಿನ ಸುಯ್‌ ಸದ್ದು ತಗ್ಗಿಸುವ ವ್ಯವಸ್ಥೆ) ಆಫ್ ಮಾಡಿ, ಎಡಬಲ ಕೂಡಿಸಿ ಮೋನೋದಲ್ಲಿ ಕೇಳುತ್ತ, ಹೆಡ್ಡಿನ ಪಕ್ಕದ ಸ್ಪ್ರಿಂಗ್ ಸ್ಕ್ರೂವನ್ನು ಆಯಸ್ಕಾಂತವಿಲ್ಲದ ಸ್ಕ್ರೂಡ್ರೈವರಿನಿಂದ ಚೂರುಚೂರೇ ತಿರುಗಿಸಿ. ದನಿ ಅತ್ಯಂತ ಹರಿತವಾಗುವ ಬಿಂದುವೇ ಸರಿಯಾದದ್ದು. ಟೇಪು ಯಾವ ಡೆಕ್ಕಿನಲ್ಲಿ ಮುದ್ರಣವಾಯಿತೋ ಅದರ ಓರೆ ಟೇಪಿನಲ್ಲೇ ಕೂತಿರುವುದರಿಂದ ಕ್ಯಾಸೆಟ್ ಬದಲಾದಂತೆ ಇದನ್ನೂ ಮತ್ತೆ ನೋಡಬೇಕು. ಹಾಗೆಯೇ, ಮುದ್ರಿಸುವಾಗ ಡಾಲ್ಬಿ ಬಿ ಹಾಕಿದ್ದರೆ ಮಾತ್ರ ಓದುವಾಗಲೂ ಹಾಕಿ.

ಟೇಪು ಓಡಿಸುವ ಮೊದಲು ಹೆಡ್ಡು, ಟೇಪನ್ನು ಎಳೆಯುವ ಕಡ್ಡಿಯಾದ ಕ್ಯಾಪ್‌ಸ್ಟನ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಕೊಂಡಿಗಳನ್ನು ಮುರಿದುಬಿಡಿ. ಗುಂಡಿ ತಪ್ಪಿ ಒತ್ತಿದರೂ ಅಳಿಸಿಹೋಗುವ ಭಯ ತಪ್ಪುತ್ತದೆ. 120 ನಿಮಿಷದ ಕ್ಯಾಸೆಟ್‌ಗಳ ಟೇಪು ಬಲು ತೆಳು, ಆಗಾಗ ಹಿಂದೆ ಮುಂದೆ ಸುತ್ತಿಸಬೇಡಿ.

ಇನ್ನು ಕಂಪ್ಯೂಟರ್. ಉಚಿತವಾಗಿ ಸಿಗುವ ಆಡಾಸಿಟಿ ಸಾಫ್ಟ್‌ವೇರ್ ಸಾಕು. 24 ಬಿಟ್ (ಪ್ರತಿ ಅಳತೆಯ ನಿಖರತೆ), 96 ಕಿಲೋಹರ್ಟ್ಸ್ (ಸೆಕೆಂಡಿಗೆ 96,000 ಅಳತೆ) ಇಟ್ಟರೆ ಸ್ಟೀರಿಯೋ ಫೈಲು ನಿಮಿಷಕ್ಕೆ ಸುಮಾರು 35 ಎಂಬಿ ನುಂಗುತ್ತದೆ. ಫ್ಲ್ಯಾಕ್ ಎಂಬ ಫೈಲ್ ರೂಪಕ್ಕೆ ಬದಲಿಸಿದರೆ ದನಿಯ ಒಂದು ಬಿಂದುವೂ ಕಳೆಯದೆ ಗಾತ್ರ ಸಾಕಷ್ಟು ಕುಗ್ಗುತ್ತದೆ. ಹಾಡಿನ ಅತಿ ಜೋರಾದ ಭಾಗವೂ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ಇಡಿ. 24 ಬಿಟ್ಟಿನಲ್ಲಿ ಮೆತ್ತಗೆ ಮುದ್ರಿಸಿದ್ದನ್ನು ಆಮೇಲೆ ಏರಿಸಬಹುದು, ಸೊನ್ನೆ ದಾಟಿ ತಲೆ ಕತ್ತರಿಸಿದ ಅಲೆಯನ್ನು ಮರಳಿ ಕೂಡಿಸಲಾಗದು. ಎಲ್ಲದರ ಹಿಂದೆ ಗುಂಯ್‌ಗುಡುವ ಸದ್ದಿದ್ದರೆ ಪ್ಲೇಯರಿನ ಅರ್ಥಿಂಗ್ ತಂತಿ ಪ್ರೀಆಂಪಿಗೆ ಸೇರಿದೆಯೇ ನೋಡಿ.

ಗದ್ದಲ ತೆಗೆಯುವ ಕೆಲಸವನ್ನು ಪ್ರತಿಯ ಮೇಲೆ ಮಾತ್ರ ಮಾಡಿ. ಮೊದಲ ಫೈಲು ಹಾಗೇ ಇರಲಿ. ಅತಿಯಾಗಿ ಉಜ್ಜಿದರೆ ತಂಬೂರಿಯ ನಾದವೂ ನೀರಿನಡಿಯಿಂದ ಗುಳುಗುಳು ಎಂದಂತೆ ಕೇಳುತ್ತದೆ. ಅದಕ್ಕಿಂತ ಸ್ವಲ್ಪ ಚರಚರ ಸದ್ದೇ ಕಿವಿಗೆ ಹಿತ.