ಪ್ಯಾರಾಸಿಟಮಾಲ್ ನೋಟ್ಸ್: ಮಾತ್ರೆ ಎಣಿಸ್ಬೇಡಿ, ಮಿಲಿಗ್ರಾಂ ಎಣಿಸಿ

ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಸೆಕೆಂಡ್ ಇಯರ್‌ನೋರು ಇಬ್ರು ಮೂವರು ನೋಟ್ಸ್ ಕೇಳಿದ್ರಿ, ಅದಕ್ಕೆ ಕೂತು ಟೈಪ್ ಮಾಡ್ತಿದ್ದೀನಿ. ಡೆಫಿನಿಷನ್ ಎಲ್ಲ ಬುಕ್ಕಲ್ಲೇ ಓದ್ಕೊಳ್ಳಿ, ನಾನು ಶುರು ಮಾಡೋದು ಕೊಡಗಿನ ಪೊನ್ನಂಪೇಟೆ ಹತ್ರ ಇರೋ ನಮ್ಮಜ್ಜನ ಮನೆಯ ಬಿಸ್ಕೆಟ್ ಡಬ್ಬಿಯಿಂದ, ಯಾಕಂದ್ರೆ ಈ ಚಾಪ್ಟರ್ ನಂಗೆ ತಲೆಗೆ ಹತ್ತಿದ್ದೇ ಆ ಡಬ್ಬಿ ಮುಚ್ಚಳ ತೆಗೆದಾಗ.

ಹೋದ ಜುಲೈ, ಮಳೆ ಹಿಡಿದಿದ್ದು ಬಿಟ್ಟಿರ್ಲಿಲ್ಲ, ಕರೆಂಟ್ ಬೇರೆ ಇಲ್ಲ. ಅಜ್ಜಂಗೆ ಜ್ವರ, ಶೀತ, ಜೊತೆಗೆ ಯಾವಾಗಲೂ ಇರೋ ಮಂಡಿನೋವು. ಜ್ವರಕ್ಕೆ ಡೋಲೋ 650 ದಿನಕ್ಕೆ ಮೂರು, ಶೀತಕ್ಕೆ ಸಂತೆಗೆ ಹೋದಾಗ ತಂದಿಟ್ಟಿದ್ದ ಕೋಲ್ಡ್ ಮಾತ್ರೆ ಮೂರು, ಮಂಡಿಗೆ ಡಾಕ್ಟ್ರು ಯಾವತ್ತೋ ಬರೆದುಕೊಟ್ಟಿದ್ದ ಅಸೆಕ್ಲೋಫೆನಾಕ್ ಮಾತ್ರೆ ಬೆಳಗ್ಗೆ ಒಂದು ರಾತ್ರಿ ಒಂದು. ಅವರ ಲೆಕ್ಕದಲ್ಲಿ ಮೂರು ಕಾಯಿಲೆ, ಮೂರು ಮದ್ದು. ನಾನು ಟಾರ್ಚ್ ಬಿಟ್ಟು ಸ್ಟ್ರಿಪ್ ಹಿಂದಿನ ಸಣ್ಣಕ್ಷರ ಓದಿದ್ರೆ ಮೂರರಲ್ಲೂ ಪ್ಯಾರಾಸಿಟಮಾಲ್ ಇದೆ ಮಾರಾಯ್ರೆ! ಡೋಲೋದಲ್ಲಿ 650, ಕೋಲ್ಡ್ ಮಾತ್ರೆಲಿ 500, ಮಂಡಿ ಮಾತ್ರೆಲಿ 325. ಕೂಡಿಸಿ: 1950, 1500, 650, ಒಟ್ಟು 4100 ಮಿಲಿಗ್ರಾಂ. ಅಜ್ಜನ ತೂಕ 48 ಕೆಜಿ, ಮೇಲಿಂದ ಸಂಜೆ ಆದ್ರೆ ಚಳಿಗೆ ಅಂತ ಒಂದು ಪೆಗ್ಗು. ಎರಡು ದಿನ ಆಗಿತ್ತಷ್ಟೇ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಲಿವರ್ ಟೆಸ್ಟ್ ಮಾಡಿಸಿದ್ವಿ, ನಾರ್ಮಲ್ ಬಂತು, ಬಚಾವ್.

ಈಗ ಲಿಮಿಟ್ ಬರ್ಕೊಳ್ಳಿ. ದೊಡ್ಡೋರಿಗೆ ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂ, ಎರಡು ಡೋಸ್ ಮಧ್ಯ 4ರಿಂದ 6 ಗಂಟೆ, 24 ಗಂಟೇಲಿ 4000 ದಾಟೋ ಹಾಗಿಲ್ಲ. ಇದು ಆರೋಗ್ಯವಾಗಿರೋರ ಮಾತು. 50 ಕೆಜಿಗಿಂತ ಕಡಿಮೆ ತೂಕದೋರು, ದಿನಾ ಕುಡಿಯೋರು, ಲಿವರ್ ತೊಂದ್ರೆ ಇರೋರು, ಜ್ವರದಲ್ಲಿ ನಾಲ್ಕು ದಿನ ಗಂಜಿನೂ ಸರಿಯಾಗಿ ಕುಡಿಯದೇ ಮಲಗಿರೋರು, ಇವರಿಗೆಲ್ಲ ಅದಕ್ಕಿಂತ ಕಡಿಮೆ, ಎಷ್ಟು ಅಂತ ಡಾಕ್ಟ್ರೇ ಹೇಳ್ಬೇಕು. ಅಜ್ಜ ಈ ಲಿಸ್ಟಲ್ಲಿ ಎಷ್ಟು ಕಡೆ ಬರ್ತಾರೆ ನೋಡಿ.

ಯಾಕೆ ಡೇಂಜರ್ ಅನ್ನೋದು ಎಕ್ಸಾಮಲ್ಲಿ ಬರೋ ಪ್ರಶ್ನೆ. ಉರು ಹೊಡಿಬೇಡಿ, ಕಾಫಿ ಪಲ್ಪಿಂಗ್, ಅಂದ್ರೆ ಮಿಷನ್‌ಗೆ ಹಾಕಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯೋದು, ನೆನಪು ಮಾಡ್ಕೊಳ್ಳಿ. ಲಿವರ್‌ನಲ್ಲಿ ಎರಡು ದೊಡ್ಡ ಪಲ್ಪರ್ ಇದೆ ಅಂದ್ಕೊಳ್ಳಿ, ಒಂದು ಗ್ಲುಕುರೊನೈಡೇಶನ್, ಇನ್ನೊಂದು ಸಲ್ಫೇಶನ್, ಎರಡೂ ಮದ್ದಿಗೆ ಇನ್ನೊಂದು ಅಣು ಅಂಟಿಸಿ ನೀರಲ್ಲಿ ಕರಗೋ ಹಾಗೆ ಮಾಡೋ ದಾರಿಗಳು. ಬಂದ ಪ್ಯಾರಾಸಿಟಮಾಲ್‌ನಲ್ಲಿ ಹೆಚ್ಚಿನ ಪಾಲು ಇವೆರಡರಲ್ಲೇ ಮುಗಿದು ಮೂತ್ರದಲ್ಲಿ ಹೋಗುತ್ತೆ, ಏನೂ ತೊಂದ್ರೆ ಇಲ್ಲ. ಬರೀ 5ರಿಂದ 10 ಪರ್ಸೆಂಟ್ ಮಾತ್ರ ಸಿವೈಪಿ2ಇ1 ಅನ್ನೋ ಎನ್‌ಜೈಮ್ ದಾರಿ ಹಿಡಿದು ನಾಪ್ಕಿ ಅನ್ನೋ ವಿಷ ಆಗುತ್ತೆ, ಪಲ್ಪಿಂಗ್ ಆದ್ಮೇಲೆ ಬರುತ್ತಲ್ಲ ಆ ಹುಳಿ ನೀರು ಹಾಗೆ. ಅದನ್ನ ಹಂಗೇ ತೋಡಿಗೆ ಬಿಡೋ ಹಾಗಿಲ್ಲ, ಗುಂಡಿಲಿ ನಿಲ್ಲಿಸಿ ಸುಣ್ಣ ಹಾಕಿ ಹುಳಿ ತೆಗಿಬೇಕು. ಲಿವರ್‌ನಲ್ಲಿ ಆ ಸುಣ್ಣ ಅಂದ್ರೆ ಗ್ಲುಟಾಥಯೋನ್. ಹಣ್ಣು ಲೆಕ್ಕದಲ್ಲಿ ಬಂದ್ರೆ ಸುಣ್ಣ ಸಾಕಾಗುತ್ತೆ. ಲೋಡುಗಟ್ಟಲೆ ಬಂದು ಸುರಿದ್ರೆ ದೊಡ್ಡ ಪಲ್ಪರ್ ಎರಡೂ ಕಟ್ಕೊಂಡು ಉಳಿದಿದ್ದೆಲ್ಲ ಮೂರನೇ ದಾರಿಗೆ ನುಗ್ಗುತ್ತೆ, ಹುಳಿ ನೀರು ಜಾಸ್ತಿ ಆಗಿ ಸುಣ್ಣ ಖಾಲಿ ಆಗಿ ಗುಂಡಿ ತುಂಬಿ ಗದ್ದೆಗೆ ಹರಿದ ಹಾಗೆ ನಾಪ್ಕಿ ಲಿವರ್ ಸೆಲ್‌ಗಳನ್ನೇ ಸುಡುತ್ತೆ. ದಿನಾ ಕುಡಿಯೋರಲ್ಲಿ ಆ ಮೂರನೇ ದಾರಿ ಮೊದಲೇ ಅಗಲ ಆಗಿರುತ್ತೆ, ಊಟ ಬಿಟ್ಟೋರಲ್ಲಿ ಸುಣ್ಣ ಮೊದಲೇ ಕಮ್ಮಿ ಇರುತ್ತೆ. ಆಸ್ಪತ್ರೆಲಿ ಕೊಡೋ ಆ್ಯಂಟಿಡೋಟ್ ಅಸಿಟೈಲ್‌ಸಿಸ್ಟೀನ್, ಅದರ ಮುಖ್ಯ ಕೆಲಸ ಹೊಸ ಸುಣ್ಣ ತಯಾರಿಗೆ ಸಾಮಾನು ಒದಗಿಸೋದು, ಓವರ್‌ಡೋಸ್ ನುಂಗಿ 8 ಗಂಟೆ ಒಳಗೆ ಶುರು ಮಾಡಿದ್ರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ.

ಅಲ್ಲೇ ಮೋಸ ಇರೋದು. ಕೊಡಗಲ್ಲಿ ಕಕ್ಕಡ ತಿಂಗಳ 18ನೇ ದಿನ ಮದ್ದುಸೊಪ್ಪು ಅನ್ನೋ ಗಿಡದ ಪಾಯಸ ತಿಂದ್ರೆ ಮಾರನೇ ದಿನ ಮೂತ್ರದ ಬಣ್ಣ ನೋಡೇ ಗೊತ್ತಾಗುತ್ತೆ ಮದ್ದು ಒಳಗೆ ಹೋಗಿದೆ ಅಂತ. ಪ್ಯಾರಾಸಿಟಮಾಲ್ ಓವರ್‌ಡೋಸ್ ಹಂಗೆಲ್ಲ ಹೇಳಿ ಕಳಿಸಲ್ಲ. ಮೊದಲ 24 ಗಂಟೆ ಸ್ವಲ್ಪ ವಾಕರಿಕೆ, ಕೆಲವರಿಗೆ ಅದೂ ಇಲ್ಲ. ಎರಡನೇ ಮೂರನೇ ದಿನ ಬಲಗಡೆ ಪಕ್ಕೆ ಕೆಳಗೆ ನೋವು, ಆಮೇಲೆ ಕಣ್ಣು ಹಳದಿ. ಅಷ್ಟೊತ್ತಿಗೆ 8 ಗಂಟೆ ಎಲ್ಲಿ ಹೋಯ್ತು? ಅದಕ್ಕೆ ಜಾಸ್ತಿ ತಗೊಂಡಿದ್ದು ಗೊತ್ತಾದ್ರೆ, ಮನುಷ್ಯ ಆರಾಮಾಗಿ ಕೂತು ಕಾಫಿ ಕುಡೀತಿದ್ರೂ, ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.

ಹೆಸರಿನ ಗಲಿಬಿಲಿ ಇನ್ನೊಂದು. ಅಮೆರಿಕದೋರು ಇದನ್ನೇ ಅಸಿಟಾಮಿನೋಫೆನ್ ಅಂತಾರೆ. ಅಲ್ಲಿಂದ ಬಂದ ಮಗ ಟೈಲೆನಾಲ್ ಬಾಟಲಿ ಕೊಟ್ಟಿರ್ತಾನೆ, ಇಲ್ಲಿ ಅಮ್ಮ ಕ್ರೋಸಿನ್ ಜೊತೆ ಅದನ್ನೂ ನುಂಗ್ತಾರೆ, ಎರಡೂ ಒಂದೇ. ಕಾಂಬಿಫ್ಲಾಮ್ ಅಂದ್ರೂ ಅಷ್ಟೇ, ಐಬುಪ್ರೊಫೆನ್ 400 ಜೊತೆಗೆ ಪ್ಯಾರಾಸಿಟಮಾಲ್ 325.

ಹಿಸ್ಟರಿ ಒಂದೇ ಲೈನ್ ಸಾಕು: ಜರ್ಮನ್ ವೈದ್ಯ ಫಾನ್ ಮೆರಿಂಗ್ 1893ರಲ್ಲಿ ರೋಗಿಗಳಿಗೆ ಕೊಟ್ಟು ನೋಡಿದ್ರು, ಆದ್ರೆ ಮೂಲೆಗೆ ಬಿತ್ತು, 1948ರಲ್ಲಿ ಅಮೆರಿಕದ ವಿಜ್ಞಾನಿಗಳು ಬ್ರೋಡಿ ಮತ್ತು ಆಕ್ಸೆಲ್‌ರಾಡ್ ಕೆಲಸದಿಂದ ಮತ್ತೆ ಬೆಳಕಿಗೆ ಬಂತು.

ಅಂಗಡಿಲಿ ನಿಂತಾಗ ಬರೋ ಪ್ರಶ್ನೆಗಳು. ಖಾಲಿ ಹೊಟ್ಟೆಲಿ ತಗೋಬಹುದಾ? ಬರೀ ಪ್ಯಾರಾಸಿಟಮಾಲ್ ಆದ್ರೆ ತಗೋಬಹುದು, ಹೊಟ್ಟೆ ಉರಿ ತರೋದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು. ಹಾಗಾದ್ರೆ ಮಳೆಗಾಲದ ಜ್ವರಕ್ಕೆ ಆ ಜಾತಿ ಸ್ಟ್ರಾಂಗ್ ಅಲ್ವಾ ಅಂತ ಕೇಳ್ತಾರೆ. ಬೇಡ. ಜ್ವರ ಡೆಂಗಿ ಆಗಿದ್ರೆ ಅವು ರಕ್ತಸ್ರಾವದ ಅಪಾಯ ಜಾಸ್ತಿ ಮಾಡ್ತವೆ, ಗದ್ದೆ ಕೆಸರಲ್ಲಿ ಕೆಲಸ ಮಾಡೋರಿಗೆ ಬರೋ ಇಲಿಜ್ವರದಲ್ಲಿ ಕಿಡ್ನಿಗೆ ಮೊದಲೇ ಪೆಟ್ಟು ಬಿದ್ದಿರುತ್ತೆ, ಇವು ಅದನ್ನ ಇನ್ನೂ ಜಾಸ್ತಿ ಮಾಡಬಹುದು. ಮೂರು ದಿನ ಆದ್ರೂ ಜ್ವರ ಬಿಡ್ಲಿಲ್ಲ ಅಂದ್ರೆ ಇನ್ನೊಂದು ಸ್ಟ್ರಿಪ್ ಕೊಡೋದಲ್ಲ, ರಕ್ತ ಪರೀಕ್ಷೆಗೆ ಕಳಿಸಿ. ಕಾಫಿ ಕುಯ್ಲಿನ ಟೈಮಲ್ಲಿ ಲೈನ್ ಮನೆಯೋರು, ಅಂದ್ರೆ ತೋಟದ ಸಾಲುಮನೆಗಳಲ್ಲಿರೋ ಕೆಲಸಗಾರರು, ಬೆಳಗ್ಗೆ ಕೆಲಸಕ್ಕೆ ಮುಂಚೆನೇ ನೋವು ಬರದ ಹಾಗೆ ಅಂತ ದಿನಾ ಒಂದು ನೋವಿನ ಮಾತ್ರೆ ನುಂಗ್ತಾರೆ, ಕೇಳಿದ್ರೆ ಟೀ ಕುಡಿದಷ್ಟೇ ಸಲೀಸು. ನಂಗೆ ಇದು ಅಜ್ಜನ ಡಬ್ಬಿಗಿಂತ ಜಾಸ್ತಿ ಚಿಂತೆ, ಯಾಕಂದ್ರೆ ಹಲವರ ಕೈಗೆ ಬರೋದು ಸ್ಟ್ರಿಪ್‌ನಿಂದ ಕತ್ತರಿಸಿದ ಎರಡು ಮಾತ್ರೆ, ಹೆಸರು ಇರೋ ಸ್ಟ್ರಿಪ್ ತುಂಡು ಅಂಗಡಿಲೇ ಉಳಿದಿರುತ್ತೆ.

ಮಕ್ಕಳ ಡೋಸ್‌ಗೆ ವಯಸ್ಸಲ್ಲ, ತೂಕ ಕೇಳಿ. ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ. 12 ಕೆಜಿ ಪಾಪುಗೆ 15ರ ಲೆಕ್ಕದಲ್ಲಿ 180. ಈಗ ಮಾರ್ಕೆಟ್‌ನಲ್ಲಿರೋ ಸಿರಪ್ ನೋಡಿ: 5 ಎಂಎಲ್‌ಗೆ 120 ಇರೋದಾದ್ರೆ 7.5 ಎಂಎಲ್, 250 ಇರೋದಾದ್ರೆ 3.6 ಎಂಎಲ್, ಡ್ರಾಪ್ಸ್ ಆದ್ರೆ 1 ಎಂಎಲ್‌ಗೇ 100 ಇರುತ್ತೆ, ಅಲ್ಲಿಗೆ 1.8 ಸಾಕು. ಹೋದ್ಸಲ ಕೊಟ್ಟಿದ್ದು ಏಳೂವರೆ ಅಂತ ಅಮ್ಮ ಅದೇ ಅಳತೆ ಡ್ರಾಪ್ಸ್ ಬಾಟಲಿಂದ ಹಾಕಿದ್ರೆ 750 ಮಿಲಿಗ್ರಾಂ ಆಯ್ತು, ಅಂದ್ರೆ ಅಜ್ಜ ನುಂಗ್ತಿದ್ದ ಒಂದು ಡೋಲೋಗಿಂತ ಜಾಸ್ತಿ.